ಇನ್‌ಸ್ಟಾಲ್ ಒತ್ತುವ ಮೊದಲಿನ ಅರ್ಧ ಗಂಟೆ

ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಮುಕ್ತ ವ್ಯವಸ್ಥೆ ಲಿನಕ್ಸ್. ನಾನು ಮೊದಲ ಸಲ ಅದನ್ನು ಹಾಕಿದ್ದು 2013ರ ಮಳೆಗಾಲದಲ್ಲಿ. ಅದರ ಒಂದು ಬಗೆಯಾದ ಉಬುಂಟು 12.04. ಶಿರಸಿಯ ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 7 ಇತ್ತು. ಅದನ್ನು ಹಾಗೇ ಇಟ್ಟುಕೊಂಡು ಪಕ್ಕದಲ್ಲಿ ಉಬುಂಟು ಕೂರಿಸಬೇಕೆಂಬುದು ನನ್ನ ಲೆಕ್ಕ. ಆದರೆ ಪರದೆಯ ಮೇಲೆ 'ಪಕ್ಕದಲ್ಲಿ ಹಾಕು' ಎಂಬ ಆಯ್ಕೆಯೇ ಕಾಣಲಿಲ್ಲ. ಡಿಸ್ಕ್ ಅಳಿಸಿ ಹಾಕು, ಇಲ್ಲವೇ ನೀನೇ ಪಾರ್ಟಿಷನ್ (ಡಿಸ್ಕಿನ ಭಾಗ) ಮಾಡಿಕೋ ಎಂಬ ಎರಡೇ ದಾರಿ. ಡಿಸ್ಕ್ ಅಂದರೆ ಸಿ ಡ್ರೈವ್ ಇರಬೇಕು ಅಂದುಕೊಂಡು ಮೊದಲನೆಯದನ್ನೇ ಒತ್ತಿದೆ. ಡಿಸ್ಕ್ ಅಂದರೆ ಇಡೀ ಡಿಸ್ಕ್. ಡಿ ಡ್ರೈವ್‌ನಲ್ಲಿ ಅಪ್ಪ ಹದಿನೈದು ವರ್ಷ ಕೂಡಿಹಾಕಿದ್ದ ತಾಳಮದ್ದಳೆಯ ರೆಕಾರ್ಡಿಂಗ್‌ಗಳಿದ್ದವು. ಕ್ಯಾಸೆಟ್‌ಗಳಿಂದ ಎಂಪಿ3ಗೆ ಇಳಿಸಿದವನು ನಾನೇ. ಬೇರೆ ಪ್ರತಿ ಇರಲಿಲ್ಲ, ಕ್ಯಾಸೆಟ್‌ಗಳಿಗೆ ಅಷ್ಟರಲ್ಲಿ ಬೂಸಲು ಹಿಡಿದಿತ್ತು.

ಅವತ್ತು ಮಾಡಿದ ಒಂದೇ ಸರಿಯಾದ ಕೆಲಸವೆಂದರೆ ಲ್ಯಾಪ್‌ಟಾಪ್ ಆಫ್ ಮಾಡಿದ್ದು. ಪಾರ್ಟಿಷನ್ ಅಳಿಸಿ ಹೊಸದು ಮಾಡಿದಾಗ ಹಳೆಯ ಫೈಲುಗಳ ಪಟ್ಟಿ ಹೋಗುತ್ತದೆ, ಹೊಸ ಸಿಸ್ಟಂ ಎಲ್ಲೆಲ್ಲಿ ಬರೆದುಕೊಂಡಿತೋ ಆ ಜಾಗ ಹೋಗುತ್ತದೆ. ಉಳಿದ ಜಾಗದಲ್ಲಿ ಹಳೆಯ ದತ್ತಾಂಶ ಇದ್ದಲ್ಲೇ ಇರುತ್ತದೆ. ಆಮೇಲೆ ಎಷ್ಟು ಬಳಸುತ್ತೇವೋ ಅಷ್ಟು ಕಳೆದುಕೊಳ್ಳುತ್ತೇವೆ. ಪೆನ್‌ಡ್ರೈವ್‌ನಿಂದ ಲೈವ್ ಆಗಿ, ಅಂದರೆ ಡಿಸ್ಕಿಗೆ ಏನೂ ಬರೆಯದೆ, ಲಿನಕ್ಸ್ ಶುರು ಮಾಡಿ, ಫೋಟೋರೆಕ್ ಎಂಬ ತಂತ್ರಾಂಶದಿಂದ ಇಡೀ ಡಿಸ್ಕ್ ಜಾಲಾಡಿಸಿ, ಸಿಕ್ಕಿದ್ದನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಇಳಿಸಿದೆ. ಒಂದು ರಾತ್ರಿ, ಮಾರನೆಯ ದಿನ ಮಧ್ಯಾಹ್ನದವರೆಗೆ ನಡೆಯಿತು. ಬಹುಪಾಲು ಫೈಲುಗಳು ಬಂದವು, ಹೆಸರುಗಳು ಬರಲಿಲ್ಲ. ಎಲ್ಲಕ್ಕೂ 'ಎಫ್' ಅಕ್ಷರ, ಮುಂದೆ ಒಂದಷ್ಟು ಅಂಕಿ. ಅಪ್ಪ ಊಟವಾದ ಮೇಲೆ ದಿನಕ್ಕೆ ಹತ್ತರಂತೆ ಕೇಳಿ, ಭಾಗವತರ ದನಿ ಗುರುತಿಸಿ, ಪ್ರಸಂಗ ಯಾವುದು, ಎಲ್ಲಿ ನಡೆದದ್ದು, ಯಾವ ವರ್ಷ ಎಂದು ಹೇಳುತ್ತಿದ್ದರು. ನಾನು ಹೆಸರು ಹಾಕುತ್ತಿದ್ದೆ. ದೀಪಾವಳಿ ಹೊತ್ತಿಗೆ ಮುಗಿಯಿತು. ಅಪ್ಪ ನನಗೆ ಒಂದು ಮಾತೂ ಬೈಯಲಿಲ್ಲ, ಅದು ಇವತ್ತಿಗೂ ನೆನಪಿದೆ.

ಆ ಆಯ್ಕೆ ಯಾಕೆ ಕಾಣಲಿಲ್ಲ ಎಂಬುದು ಆಮೇಲೆ ತಿಳಿಯಿತು. ಆಗಿನ ಲ್ಯಾಪ್‌ಟಾಪ್‌ಗಳ ಡಿಸ್ಕ್ ಹೆಚ್ಚಾಗಿ ಎಂಬಿಆರ್ ಎಂಬ, ಭಾಗ ಮಾಡುವ ಹಳೆಯ ಪದ್ಧತಿಯದ್ದು. ಅದರಲ್ಲಿ ಪ್ರೈಮರಿ (ಮುಖ್ಯ) ಪಾರ್ಟಿಷನ್ ನಾಲ್ಕಕ್ಕಿಂತ ಹೆಚ್ಚು ಮಾಡಲು ಬರುವುದಿಲ್ಲ. ವಿಂಡೋಸ್‌ನ ಬೂಟ್ ಭಾಗ ಒಂದು, ಸಿ ಒಂದು, ಡಿ ಒಂದು, ರಿಕವರಿ ಒಂದು, ಅಲ್ಲಿಗೆ ಕೋಟಾ ಮುಗಿಯಿತು. ಐದನೆಯದಕ್ಕೆ ಜಾಗವೇ ಇಲ್ಲದ್ದರಿಂದ ಪಕ್ಕದಲ್ಲಿ ಕೂರುವ ಮಾತೇ ಬರಲಿಲ್ಲ. ಈಗಿನ ಹೊಸ ಪದ್ಧತಿಯ, ಅಂದರೆ ಜಿಪಿಟಿ, ಡಿಸ್ಕ್‌ಗಳಲ್ಲಿ ಆ ತೊಂದರೆ ಇಲ್ಲ. ಆದರೆ ಹತ್ತು ಹನ್ನೆರಡು ವರ್ಷದ ಯಂತ್ರಗಳು ನಮ್ಮ ಕಡೆ ಇನ್ನೂ ಬಳಕೆಯಲ್ಲಿವೆ. ಹಾಗಾಗಿ ಡಿಸ್ಕಿನ ಪದ್ಧತಿ ಯಾವುದೆಂದು ನಾನು ಮೊದಲೇ ನೋಡಿಕೊಳ್ಳುತ್ತೇನೆ.

ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯವು, ನೆಂಟರವು, ಪರಿಚಯದವರವು ಎಲ್ಲ ಸೇರಿ ಮೂವತ್ತಕ್ಕಿಂತ ಹೆಚ್ಚು ಯಂತ್ರಗಳಲ್ಲಿ ಲಿನಕ್ಸ್ ಹಾಕಿದ್ದೇನೆ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್, ಸ್ವಲ್ಪ ಕಾಲ ಮಂಜಾರೋ. ಯಾವ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಒಳ್ಳೆಯದು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಈ ಯಂತ್ರದಲ್ಲಿ ಏನೇನಿದೆ, ಅದು ಲೈವ್‌ನಲ್ಲಿ ಹೇಗೆ ನಡೆಯುತ್ತದೆ ಎಂಬುದು ಮೊದಲನೆಯದು. ಕೆಟ್ಟ ಅನುಭವಗಳಲ್ಲಿ ಹೆಚ್ಚಿನವು ನಾನು ಅರ್ಧ ಗಂಟೆ ಕಾಯದೆ ಇನ್‌ಸ್ಟಾಲ್ ಒತ್ತಿದ ದಿನಗಳವು.

ಈಗ ನನ್ನ ಹತ್ತಿರ 32 ಜಿಬಿಯ ಒಂದು ಪೆನ್‌ಡ್ರೈವ್ ಇದೆ. ಅದರಲ್ಲಿ ವೆಂಟಾಯ್ ಎಂಬ ತಂತ್ರಾಂಶ ಹಾಕಿದ್ದೇನೆ. ಒಂದು ಸಲ ಅದನ್ನು ಕೂರಿಸಿದರೆ ಆಮೇಲೆ ಐಎಸ್‌ಒ ಫೈಲುಗಳನ್ನು (ಒಂದೊಂದರಲ್ಲಿ ಇಡೀ ಒಂದು ಡಿಸ್ಟ್ರೋ ಇರುತ್ತದೆ) ಹಾಡು ಕಾಪಿ ಮಾಡಿದ ಹಾಗೆ ಕಾಪಿ ಮಾಡಿದರಾಯಿತು, ಶುರುವಾಗುವಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಡಿಸ್ಟ್ರೋಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಐಎಸ್‌ಒ ಇಳಿಸಿದ ಕೂಡಲೇ ಅದರ ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಫೈಲಿನ ಬೆರಳಚ್ಚಿನಂತಹ ಸಂಕೇತವನ್ನು, ತಾಣದಲ್ಲಿ ಕೊಟ್ಟದ್ದರ ಜೊತೆ ತಾಳೆ ನೋಡುತ್ತೇನೆ. ಅರವತ್ತನಾಲ್ಕು ಅಕ್ಷರಗಳಲ್ಲಿ ಒಂದು ತಪ್ಪಿದರೂ ಆ ಫೈಲು ಬೇಡ. ನಮ್ಮ ಊರಿನ ಇಂಟರ್ನೆಟ್‌ನಲ್ಲಿ ಮೂರು ಜಿಬಿ ಇಳಿಯುವಷ್ಟರಲ್ಲಿ ನಾಲ್ಕು ಸಲ ಕಡಿದುಹೋಗುವುದುಂಟು, ಅರೆಬರೆ ಫೈಲಿನಿಂದ ಹಾಕಿದರೆ ಇನ್‌ಸ್ಟಾಲ್ ಎಲ್ಲೋ ನಡುವೆ ನಿಲ್ಲುತ್ತದೆ. ಇನ್ನೊಂದು ಕಾರಣವೂ ಇದೆ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ತಾಣಕ್ಕೆ ಕನ್ನ ಹಾಕಿದವರು ಡೌನ್‌ಲೋಡ್ ಕೊಂಡಿಯನ್ನೇ ಬದಲಿಸಿ, ಹಿಂಬಾಗಿಲು ಇಟ್ಟ ಐಎಸ್‌ಒ ಹಂಚಿದ್ದರು. ಮಿಂಟ್ ತಂಡವೇ ಅದನ್ನು ಬಹಿರಂಗವಾಗಿ ಹೇಳಿ ಎಲ್ಲರನ್ನೂ ಎಚ್ಚರಿಸಿತು. ಆಮೇಲೆ ನಾನು ಒಂದು ಸಲವೂ ತಾಳೆ ನೋಡುವುದನ್ನು ಬಿಟ್ಟಿಲ್ಲ.

ಲೈವ್‌ನಲ್ಲಿ ಏನು ನೋಡುವುದು? ವೈಫೈ ಹಿಡಿಯುತ್ತದೆಯೇ, ಸ್ಪೀಕರಿನಲ್ಲೂ ಇಯರ್‌ಫೋನಿನಲ್ಲೂ ಸದ್ದು ಬರುತ್ತದೆಯೇ, ಬೆಳಕು ಕಡಿಮೆ ಮಾಡುವ ಕೀಲಿ ಕೆಲಸ ಮಾಡುತ್ತದೆಯೇ. ಇವೆಲ್ಲ ಐದು ನಿಮಿಷದ ಕೆಲಸ. ಮುಚ್ಚಳ ಮುಚ್ಚಿ, ಎರಡು ನಿಮಿಷ ಬಿಟ್ಟು ತೆರೆದು ನೋಡುವುದನ್ನು ಮಾತ್ರ ಬಹಳ ಜನ ಮಾಡುವುದಿಲ್ಲ. ಮಲಗಿದ ಯಂತ್ರ ಏಳದೇ ಹೋಗುವುದು ನಾನು ಕಂಡ ಸಾಮಾನ್ಯ ತೊಂದರೆಗಳಲ್ಲಿ ಒಂದು, ಅದು ಗೊತ್ತಾಗುವುದು ಹಾಕಿ ವಾರವಾದ ಮೇಲೆ.

ವೈಫೈ ವಿಷಯಕ್ಕೆ ಬಂದರೆ, 2020ರ ಲಾಕ್‌ಡೌನ್‌ನಲ್ಲಿ ಅಣ್ಣನ ಮಗಳ ಹೊಸ ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕಿಕೊಟ್ಟೆ. ಅವಸರದಲ್ಲಿ ಲೈವ್ ನೋಡಿರಲಿಲ್ಲ. ಸಂಜೆ ಫೋನು: "ಅಪ್ಪಚ್ಚಿ, ವೈಫೈ ಬತ್ತಾ ಇಲ್ಲೆ." ಮರುದಿನ ಬೆಳಿಗ್ಗೆ ಅವಳಿಗೆ ಆನ್‌ಲೈನ್ ಕ್ಲಾಸು. ಆ ವೈಫೈ ಚಿಪ್‌ಗೆ ಬೇಕಾದ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಆಗಿನ ಕರ್ನೆಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಇರಲಿಲ್ಲ. ಇಂಟರ್ನೆಟ್ ಇಲ್ಲದೆ ಡ್ರೈವರ್ ಇಲ್ಲ, ಡ್ರೈವರ್ ಇಲ್ಲದೆ ಇಂಟರ್ನೆಟ್ ಇಲ್ಲ. ಬಿಡಿಸಿದ್ದು ಅವಳ ಮೊಬೈಲು. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್ಲಿನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ನೋಡುತ್ತದೆ, ಬೇರೇನೂ ಬೇಡ. ಹಾಗೆ ಡ್ರೈವರ್ ಇಳಿಸಿಕೊಂಡೆವು. ಆದರೆ ಹೊರಗಿನಿಂದ ಸೇರಿಸಿದ ಡ್ರೈವರ್ ಕರ್ನೆಲ್ ಬದಲಾದಾಗ ಒಂದೊಂದು ಸಲ ಕೈಕೊಡುತ್ತಿತ್ತು. ಮುಂದೆ ಹೊಸ ಕರ್ನೆಲ್‌ನಲ್ಲೇ ಆ ಚಿಪ್‌ಗೆ ಬೆಂಬಲ ಬಂದ ಮೇಲೆ ನೆಮ್ಮದಿಯಾಯಿತು. ಹೊಸ ಯಂತ್ರಕ್ಕೆ ಹೊಸ ಕರ್ನೆಲ್ ಇರುವ ಡಿಸ್ಟ್ರೋ, ಹಳೆಯದಕ್ಕೆ ಯಾವುದಾದರೂ ನಡೆಯುತ್ತದೆ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಡೆಬಿಯನ್ ವಿಷಯದಲ್ಲಿ ಈ ತೊಡಕು ಬಹಳ ಕಾಲ ಇತ್ತು, ಮುಕ್ತವಲ್ಲದ ಫರ್ಮ್‌ವೇರ್ (ಚಿಪ್‌ನೊಳಗೆ ನಡೆಯುವ ತಂತ್ರಾಂಶ) ಅವರ ಅಧಿಕೃತ ಐಎಸ್‌ಒದಲ್ಲಿ ಇರುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದನ್ನು ಸೇರಿಸುತ್ತಿದ್ದಾರೆ. ಸದ್ಯ ನನ್ನ ಮೇಜಿನ ಮೇಲಿರುವುದು ಡೆಬಿಯನ್ನೇ.

ಫೆಡೋರಾ ನನಗೆ ಇಷ್ಟ, ಅಚ್ಚುಕಟ್ಟು. ಆದರೆ ಆರು ತಿಂಗಳಿಗೊಂದು ಆವೃತ್ತಿ, ಒಂದೊಂದಕ್ಕೆ ಸುಮಾರು ಹದಿಮೂರು ತಿಂಗಳ ಆಯುಸ್ಸು. ಬೇರೆಯವರಿಗೆ ಹಾಕಿಕೊಟ್ಟರೆ ವರ್ಷಕ್ಕೊಮ್ಮೆ ಅವರ ಮನೆಗೆ ಹೋಗಬೇಕು. ಮಿಂಟ್ 22 ಆದರೆ 2029ರವರೆಗೆ ತಲೆಬಿಸಿ ಇಲ್ಲ. ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಮಿಂಟ್ ಹಾಕುತ್ತೇನೆ. ಹಾಗೆ ನೋಡಿದರೆ ಯಾವ ಡಿಸ್ಟ್ರೋ ಬದಲಿಸಿದರೂ ಸಿಗದ ವೇಗ, ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಸಿಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಬಹಳಷ್ಟು ಜನರಿಗೆ ವಿಂಡೋಸೂ ಇರಬೇಕು. ಆಗ ಲಿನಕ್ಸ್‌ಗಿಂತ ಮೊದಲು ವಿಂಡೋಸ್ ಒಳಗೆ ಕೆಲಸವಿರುತ್ತದೆ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಆ ಸ್ಥಿತಿಯಲ್ಲಿ ಅದರ ಪಾರ್ಟಿಷನ್ ಮುಟ್ಟಿದರೆ ಕೆಡಬಹುದು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದೆಯೇ ನೋಡಬೇಕು, ಇದ್ದರೆ ಅದರ ನಲವತ್ತೆಂಟು ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಬೂಟ್ ವ್ಯವಸ್ಥೆ ಬದಲಾದರೆ ವಿಂಡೋಸ್ ಅದನ್ನು ಕೇಳುತ್ತದೆ. ಪಕ್ಕದ ಮನೆಯವರ ಲ್ಯಾಪ್‌ಟಾಪ್‌ನಲ್ಲಿ ಲೈವ್ ಚೆನ್ನಾಗಿ ನಡೆಯಿತು, ಆದರೆ ಇನ್‌ಸ್ಟಾಲರ್‌ಗೆ ನನ್ನ ಪೆನ್‌ಡ್ರೈವ್ ಬಿಟ್ಟು ಬೇರೆ ಡಿಸ್ಕ್ ಕಾಣಲೇ ಇಲ್ಲ. ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಸ್ಟೋರೇಜ್ (ಡಿಸ್ಕ್ ನಡೆಯುವ ಬಗೆ) ರೇಡ್ ಎಂದಿತ್ತು, ಎಎಚ್‌ಸಿಐ ಆಗಬೇಕಿತ್ತು. ನೇರವಾಗಿ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಮಾಡಿ, ಆಮೇಲೆ ಬಯಾಸ್‌ನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದು ಡ್ರೈವರ್ ಹಿಡಿದುಕೊಂಡ ಮೇಲೆ ಮಾಮೂಲಿಗೆ ತಂದೆ. ಎರಡು ಸಿಸ್ಟಂ ಇದ್ದಲ್ಲಿ ಗಡಿಯಾರದ ಗೊಂದಲವೂ ಬರುತ್ತದೆ. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ವಿಂಡೋಸ್‌ನಲ್ಲಿ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದೆ ತೋರಿಸಿದರೆ ಕಾರಣ ಇದು, ಸೆಲ್ ಹೋಗಿದೆ ಎಂದು ಅಂಗಡಿಗೆ ಒಯ್ಯಬೇಕಿಲ್ಲ.

ಮತ್ತೊಂದು ನಮ್ಮ ಮಲೆನಾಡಿನ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ವಿಂಡೋಸ್‌ನ ಪಾರ್ಟಿಷನ್ ಕುಗ್ಗಿಸುವಾಗ ಹೋದರೆ ಎರಡೂ ಕಡೆ ನಷ್ಟ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ಗಳನ್ನು ಯುಪಿಎಸ್ ಇರುವ ಮನೆಗೆ ತರಿಸಿಕೊಂಡೇ ಹಾಕುತ್ತೇನೆ.

ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಅವರ ಇಪ್ಪತ್ತು ವರ್ಷದ ಬರಹವೆಲ್ಲ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿದೆ. ಅದು ಎಲ್ಲ ಯಂತ್ರಗಳೂ ಓದುವ ಯುನಿಕೋಡ್ ಸಂಕೇತ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಗೊಂಚಲಾಗಿ ಕಾಣುತ್ತದೆ. "ಇದು ಓದಲಿಕ್ಕೆ ಬರದಿದ್ದರೆ ನನಗೆ ಲಿನಕ್ಸ್ ಬೇಡ ಮಾರಾಯ" ಎಂದರು, ನ್ಯಾಯವಾದ ಮಾತು. ಮಿಂಟನ್ನು ಲೈವ್‌ನಲ್ಲೇ ನಡೆಸಿ, ಅದರೊಳಗೇ ಕನ್ನಡ ಟೈಪ್ ಮಾಡಲು ಐಬಸ್ ಎಂ17ಎನ್ ಎಂಬ ತಂತ್ರಾಂಶ ಹಾಕಿದೆ. ಲೈವ್‌ನಲ್ಲೂ ತಂತ್ರಾಂಶ ಹಾಕಬಹುದು, ರ‍್ಯಾಮ್‌ನಲ್ಲಿ ಕೂತಿರುತ್ತದೆ, ಆಫ್ ಮಾಡಿದರೆ ಹೋಗುತ್ತದೆ. ಪಟ್ಟಿಯಲ್ಲಿ ಕನ್ನಡದ ಕೆಜಿಪಿ ಆರಿಸಿಕೊಟ್ಟೆ. ಕೆ.ಪಿ. ರಾವ್ ಅವರು ರೂಪಿಸಿದ ಆ ಕೀಲಿಮಣೆಯೇ ನುಡಿಯಲ್ಲೂ ಇರುವುದು, ಹಾಗಾಗಿ ಮೇಷ್ಟ್ರ ಬೆರಳುಗಳಿಗೆ ಹೊಸದೇನೂ ಇರಲಿಲ್ಲ. ಒತ್ತಿಗೆ ಎಫ್ ಕೀಲಿ ಎಂದು ನಾನು ಹೇಳುವ ಮೊದಲೇ ಬೆರಳು ಅಲ್ಲಿಗೆ ಹೋಗಿತ್ತು. ಅವರ ಎರಡು ಲೇಖನಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ ಎದುರಿಗಿಟ್ಟೆ. ಅರ್ಕಾವೊತ್ತು ಇರುವ ಪದಗಳನ್ನೇ ಹುಡುಕಿ ಹುಡುಕಿ ನೋಡಿದರು. 'ಕಾರ್ಯ' ಸರಿ ಇತ್ತು, 'ಸೂರ್ಯ' ಸರಿ ಇತ್ತು, ಮೂರು ಕಡೆ ಒತ್ತು ಜಾರಿತ್ತು, ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು.

ಆಮೇಲೆ ಹಾಕಿದೆ. ವಿಂಡೋಸ್ ಉಳಿಸಿದ್ದೇನೆ, ಏಕೆಂದರೆ ಅವರ ಪುಸ್ತಕ ಅಚ್ಚು ಮಾಡುವ ಪ್ರೆಸ್ಸಿನವರು ಈಗಲೂ ನುಡಿ ಫಾಂಟಿನ ಫೈಲನ್ನೇ ಕೇಳುತ್ತಾರೆ. ಉಳಿದ ಬರಹವನ್ನು ದಿನಕ್ಕೆ ಒಂದು ಲೇಖನದಂತೆ ಪರಿವರ್ತಿಸಿ ತಿದ್ದುತ್ತಿದ್ದಾರೆ, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಮೂಲ ಪ್ರತಿ ಇದೆ, ಅದನ್ನು ನನ್ನ ಯಂತ್ರದಲ್ಲಿ ತೆರೆದು ನೋಡಿದ್ದೇನೆ.