ಶೇಕಡಾ ಒಂದನ್ನು ಹಿಡಿಯೋಕೆ ಮೂರು ವರ್ಷ: ಮಂಡ್ಯದಲ್ಲಿ ನಾನು ಮಿದುಳು ಅಳೆದದ್ದು

"ಮಂಡ್ಯದಲ್ಲಿ ಕೂತ್ಕೊಂಡು ಮಿದುಳು ಅಳೀತೀಯೇನಪ್ಪಾ? ಸುಮ್ನೆ ಪೇಷಂಟ್ ನೋಡ್ಕೊಂಡಿರು."

2022ರಲ್ಲಿ ನನಗೆ ಪಾಠ ಹೇಳಿದ್ದ ಹಿರಿಯರೊಬ್ಬರು ಹೀಗಂದರು. ಅವರದೇನೂ ತಪ್ಪಿರಲಿಲ್ಲ. ನನ್ನ ಮೊದಲ ವರ್ಷದ ಕೆಲಸ ನೋಡಿದ್ದರೆ ಯಾರಾದರೂ ಹಾಗೇ ಅನ್ನುತ್ತಿದ್ದರು. ಈಗ ನನ್ನ ಹತ್ತಿರ 24 ಜೋಡಿ ಸ್ಕ್ಯಾನ್ ಇವೆ. ಸೈಕೋಸಿಸ್ (ಇಲ್ಲದ ದನಿ ಕೇಳಿಸೋದು, ಇಲ್ಲದ್ದನ್ನು ನಂಬೋದು ಆಗುವ ಮಾನಸಿಕ ಕಾಯಿಲೆ) ಮೊದಲ ಸಲ ಕಾಣಿಸಿಕೊಂಡಾಗ ಒಂದು, ವರ್ಷ ಕಳೆದ ಮೇಲೆ ಇನ್ನೊಂದು. ಎರಡೂ ಅದೇ 1.5 ಟೆಸ್ಲಾ (ಅಯಸ್ಕಾಂತದ ಶಕ್ತಿಯ ಅಳತೆ) ಎಂಆರ್‌ಐ ಮಷೀನಿನಲ್ಲಿ. ಮೊನ್ನೆ ಅವರಿಗೇ ತೋರಿಸಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

ಈ ಕಾಯಿಲೆಯಲ್ಲಿ ಹಿಪೊಕ್ಯಾಂಪಸ್ (ನೆನಪಿನ ಕೆಲಸ ಮಾಡುವ ಭಾಗ) ಕುಗ್ಗೋದು, ವೆಂಟ್ರಿಕಲ್ (ಮಿದುಳಿನೊಳಗೆ ದ್ರವ ತುಂಬಿದ ಪೊಳ್ಳು) ಹಿಗ್ಗೋದು, ಕಾರ್ಟೆಕ್ಸ್ (ಮಿದುಳಿನ ಹೊರಪದರ) ತೆಳುವಾಗೋದು ಎಲ್ಲ ವೈದ್ಯರಿಗೆ ಗೊತ್ತಿರುವುದೇ. 1976ರ ಸಿಟಿ ಸ್ಕ್ಯಾನ್ ಕಾಲದಿಂದ ಕೇಳುತ್ತಿದ್ದೇವೆ. ತೊಂದರೆ ಏನಂದ್ರೆ, ಒಂದು ವರ್ಷದಲ್ಲಿ ನಾವು ಹಿಡಿಯಬೇಕಾದ ಗಾತ್ರದ ಬದಲಾವಣೆ ಶೇ. 1ರ ಆಸುಪಾಸಿನದು. ರೋಗಿ ಸ್ವಲ್ಪ ತಲೆ ಅಲ್ಲಾಡಿಸಿದರೂ ಅಷ್ಟು ಬಂದುಬಿಡುತ್ತೆ. ದಿನವಿಡೀ ನೀರು ಕುಡಿಯದಿದ್ದರೆ ಅದರ ಅರ್ಧ ಬರುತ್ತೆ. ರೋಗ ಅಳೀತಿದ್ದೀನಾ, ಬಾಯಾರಿಕೆ ಅಳೀತಿದ್ದೀನಾ ಅನ್ನೋದೇ ಗೊತ್ತಾಗಲ್ಲ.

ಮೊದಲ ಸುತ್ತಿನಲ್ಲಿ 14 ಜನ. ಮೈಸೂರಿನ ಒಂದು ಸ್ಕ್ಯಾನ್ ಸೆಂಟರಿನಲ್ಲಿ ತಲೆಗೆ ನಾಲ್ಕು ಸಾವಿರ ಕೊಟ್ಟು ಮಾಡಿಸಿದೆ. ಆರು ಜನರ ಚಿತ್ರ ಅಲೆಅಲೆಯಾಗಿ ಬಂತು. ಮಿದುಳು ಅಳೆಯುವ ಸಾಫ್ಟ್‌ವೇರ್ ಫ್ರೀಸರ್ಫರ್‌ಗೆ ಹಾಕಿದರೆ ಕಾರ್ಟೆಕ್ಸ್ ಅಷ್ಟೂ ತೆಳು ಅಂತ ತೋರಿಸಿತು. ನಾನು ಹುಚ್ಚನ ಹಾಗೆ ಖುಷಿಪಟ್ಟಿದ್ದೆ. ಆಮೇಲೆ ನೋಡಿದರೆ ಅದು ಬರೀ ಅಲುಗಾಟ. ವರ್ಷದ ನಂತರ ವಾಪಸ್ ಬಂದವರು ಐದೇ ಜನ. ಎಪ್ಪತ್ತೈದು ಸಾವಿರ ನೀರಿಗೆ ಹೋಯಿತು. ಮನೆಯಲ್ಲಿ ಒಂದು ವಾರ ಸರಿಯಾಗಿ ಮಾತಿರಲಿಲ್ಲ.

ಇನ್ನೂ ಶಕ್ತಿಯ 3 ಟೆಸ್ಲಾ ಮಷೀನಿಗೆ ಹೋಗು ಅಂದರು ಎಲ್ಲರೂ. ನಾನು ಹೋಗಿದ್ದು ಗುಜರಿ ಅಂಗಡಿಗೆ. ಇನ್ನೂರು ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ ಇರುತ್ತಲ್ಲ, ಅದರ ಅಗಲ ಹೆಚ್ಚುಕಡಿಮೆ ಎಂಆರ್‌ಐ ಮಷೀನಿನ ಬಾಯಿಯಷ್ಟೇ. 800 ರೂಪಾಯಿ. ಉದ್ದಕ್ಕೆ ಸೀಳಿಸಿ, ಅಂಚಿಗೆ ಸೈಕಲ್ ಟ್ಯೂಬ್ ಸುತ್ತಿ, ಕ್ಲಿನಿಕ್ಕಿನ ಮಂಚದ ಮೇಲೆ ಕವುಚಿ ಹಾಕಿದೆ, ಅಲುಗದೆ ಮಲಗೋದನ್ನು ರೋಗಿಗಳಿಗೆ ಮೊದಲೇ ಅಭ್ಯಾಸ ಮಾಡಿಸೋಕೆ. ಮಂಚದ ಕೆಳಗೆ ಸ್ಪೀಕರ್. ಮಷೀನಿನ ಟಕಟಕ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ, ಅದನ್ನೇ ಹಾಕೋದು. ಮೊದಲು ಸಣ್ಣ ಸದ್ದು, ಆಮೇಲೆ ಜೋರು. ಹಣೆಯ ಮೇಲೆ ಅಡ್ಡಕ್ಕೆ ಒಂದು ಪೇಪರ್ ಟೇಪ್, ಎರಡು ತುದಿಯೂ ಡ್ರಮ್ಮಿಗೆ ಅಂಟಿರಬೇಕು. ತಲೆ ಅಲುಗಿದರೆ ಚರ್ಮ ಎಳೆಯುತ್ತೆ, ಅವರಿಗೇ ಗೊತ್ತಾಗುತ್ತೆ. ನಿಜವಾದ ಸ್ಕ್ಯಾನಿನಲ್ಲೂ ಕಾಯಿಲ್‌ನ (ತಲೆಯ ಸುತ್ತ ಕೂರಿಸುವ ಚೌಕಟ್ಟಿನ) ಈ ಬದಿಯಿಂದ ಆ ಬದಿಗೆ ಅದೇ ಟೇಪ್.

ಒಬ್ಬ ತಾಯಿ ಡ್ರಮ್ ನೋಡಿ, "ಇದ್ಯಾಕ್ ಸಾ, ನಮ್ ಹೈದನ್ನ ಇದ್ರೊಳ್ಗೆ ಮನಗುಸ್ತೀರಾ?" ಅಂದರು. ಮೊದಲು ನಾನೇ ಮಲಗಿ ತೋರಿಸಿದೆ. ಆಮೇಲೆ ಅವರೂ ಮಲಗಿದರು. ಮಗ ಬಾಗಿಲಲ್ಲಿ ನಿಂತು ನಕ್ಕ. ಮೂರು ವಾರದಲ್ಲಿ ಅವನು ನಕ್ಕಿದ್ದು ಅದೇ ಮೊದಲು ಅಂತ ತಾಯಿ ಹೇಳಿದರು. ನಿದ್ದೆ ಮಾತ್ರೆ ಕೊಟ್ಟು ಸ್ಕ್ಯಾನ್ ಮಾಡಿಸುವುದನ್ನು ಅಂದಿನಿಂದ ಬಿಟ್ಟೇಬಿಟ್ಟೆ. ಕೊನೆಯ ಎರಡು ನಿಮಿಷ ಹೆಡ್‌ಫೋನಿನಲ್ಲಿ ನಾನು ಏನು ಹೇಳ್ತೀನಿ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಅನ್ನದ ಗುಟ್ಟು.

ಎರಡನೇ ಸುತ್ತು 2023ರಲ್ಲಿ. ಮಧ್ಯಾಹ್ನ 2ರಿಂದ 4 ಮಷೀನ್ ಖಾಲಿ ಇರುತ್ತೆ ಅಂತ ಕಂಡುಕೊಂಡು ರೇಟ್ ಎರಡೂವರೆ ಸಾವಿರಕ್ಕೆ ಇಳಿಸಿದೆ. ಹೇಗೆ ಇಳಿಸಿದೆ ಅಂತ ಕೇಳಬೇಡಿ. ಎಲ್ಲರದೂ ಅದೇ ಹೊತ್ತಿಗೆ ಆಗಿದ್ದು ಇನ್ನೊಂದು ಲಾಭ. ಕೆ.ಆರ್. ಪೇಟೆ, ನಾಗಮಂಗಲದಿಂದ ಬರುವವರು ಬಸ್ಸಿನಲ್ಲಿ ಅವಸರ ಆದರೆ ಕಷ್ಟ ಅಂತ ಬೆಳಗ್ಗೆಯಿಂದ ನೀರೇ ಮುಟ್ಟಿರುತ್ತಿರಲಿಲ್ಲ. ಒಂದು ಗಂಟೆಗೆ ಪಕ್ಕದ ಮೆಸ್ಸಿನಲ್ಲಿ ಮುದ್ದೆ ಊಟ, ಎರಡು ಲೋಟ ಮಜ್ಜಿಗೆ, ಒಂದು ಲೋಟ ನೀರು. ಇಷ್ಟಾದ ಮೇಲೇ ಸ್ಕ್ಯಾನ್. ಆ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ತಾಯಂದಿರ ಬಸ್ ಖರ್ಚು ಉಳಿಯಿತು. ನನ್ನ ಫಾಲೋಅಪ್ ಉಳಿಸಿದ್ದರಲ್ಲಿ ಅದರ ಪಾಲೂ ಇದೆ.

ಫಾಲೋಅಪ್ ಆಗಲ್ಲ ಅನ್ನೋರಿಗೆ ನಾನು ತೀರ್ಥಹಳ್ಳಿ ತೋರಿಸ್ತೀನಿ. ಅಲ್ಲಿ ನಿಮ್ಹಾನ್ಸ್‌ನವರು ಒಂದು ಇಡೀ ತಾಲ್ಲೂಕಿನ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಮಲೆನಾಡಿನ ಮಳೆಯಲ್ಲಿ ಆಗೋದು ಮಂಡ್ಯದಲ್ಲಿ ಯಾಕಾಗಲ್ಲ? ನಾನು ಕಲಿತದ್ದಿಷ್ಟು. ಕಬ್ಬು ಕಟಾವಿನಲ್ಲಿ, ಭತ್ತದ ನಾಟಿಯಲ್ಲಿ ಯಾರನ್ನೂ ಕರೀಬೇಡಿ. ರೋಗಿಯ ನಂಬರಿನ ಜೊತೆ ಅಕ್ಕನದೋ ಚಿಕ್ಕಮ್ಮನದೋ ನಂಬರ್ ಇಟ್ಟುಕೊಳ್ಳಿ.

ಕಾಯಿಲೆ ಶುರುವಾಗಿ ಚಿಕಿತ್ಸೆಗೆ ಬರೋವರೆಗಿನ ಅವಧಿ ಕೇಳುವಾಗಲೂ ಇದೇ ಪಂಚಾಂಗ. "ಎಷ್ಟು ತಿಂಗಳಾಯ್ತು" ಅಂದ್ರೆ ಎಲ್ಲರೂ ಎರಡು ತಿಂಗಳು ಅಂತಾರೆ. "ವೈರಮುಡಿಗೆ ಹೋದಾಗ ಸರಿ ಇದ್ನಾ? ನಾಲೆಗೆ ನೀರು ಬಿಟ್ಟಾಗ?" ಅಂತ ಕೇಳಿ. ಎರಡು ತಿಂಗಳು ಅಂದಿದ್ದು ಹದಿನಾಲ್ಕಾಗುತ್ತೆ. ನಡುವೆ ತಾಯತ, ಯಂತ್ರ, ಹರಕೆ ಎಲ್ಲ ಆಗಿರುತ್ತೆ. ಬೈಯಬೇಡಿ, ಬೈದರೆ ಆ ಲೆಕ್ಕವೂ ಸಿಗಲ್ಲ.

ಕಂಪ್ಯೂಟರಿನ ಕಥೆ ಬೇರೆ. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, 32 ಜೀಬಿ, ಅರವತ್ತು ಸಾವಿರ. ಫ್ರೀಸರ್ಫರ್‌ನ ರಿಕಾನ್-ಆಲ್ ಅನ್ನೋ ಲೆಕ್ಕ ಒಂದು ತಲೆಗೆ ಎಂಟು-ಹತ್ತು ಗಂಟೆ ತಗೊಳ್ಳುತ್ತೆ, ಏಳನೇ ಗಂಟೆಗೆ ಕರೆಂಟ್ ಹೋಗುತ್ತೆ. ನಾಲ್ಕು ಸಲ ಹೀಗಾದ ಮೇಲೆ ಇಪ್ಪತ್ತು ಸಾವಿರದ ಬ್ಯಾಟರಿ ಹಾಕಿಸಿದೆ. ಡ್ರಮ್ಮಿಗೆ ಮುಂಚೆಯೇ ಬ್ಯಾಟರಿ ತರಬೇಕಿತ್ತು.

ಒಂದು ಪಕ್ಕದ ಪ್ರಯೋಗವೂ ಇತ್ತು. ಎರಡು ತಿಂಗಳಿಗೊಮ್ಮೆ ನನ್ನ ತಲೆಯನ್ನೇ ಸ್ಕ್ಯಾನ್ ಮಾಡಿಸುತ್ತಿದ್ದೆ, ತಕ್ಕಡಿಗೆ ಕಲ್ಲು ಇಟ್ಟು ನೋಡಿದ ಹಾಗೆ. "ಇದೆಯಂತಾ?" ಅಂತ ಹೆಂಡತಿ ಕೇಳೋರು. ಒಂದು ತಿಂಗಳು ನನ್ನ ಹಿಪೊಕ್ಯಾಂಪಸ್ ಇದ್ದಕ್ಕಿದ್ದಂತೆ ಶೇ. 3ರಷ್ಟು ದಪ್ಪ ಆಯ್ತು. ನಾನು ಅಷ್ಟು ಬುದ್ಧಿವಂತ ಆಗಿರಲಿಲ್ಲ. ವಿಚಾರಿಸಿದರೆ ಮಷೀನಿನ ಸಾಫ್ಟ್‌ವೇರ್ ಬದಲಾಯಿಸಿದ್ದರಂತೆ, ಯಾರೂ ಹೇಳಿರಲಿಲ್ಲ. ಬದಲಾವಣೆಗೆ ಮುಂಚೆ ಒಂದು, ಆಮೇಲೆ ಒಂದು ಸ್ಕ್ಯಾನ್ ಆಗಿದ್ದ ಏಳು ಜೋಡಿ ಕಸದ ಬುಟ್ಟಿಗೆ ಹೋದವು. ಎರಡನೇ ಸುತ್ತಿನಲ್ಲಿ 38 ಒಳ್ಳೆಯ ಮೊದಲ ಸ್ಕ್ಯಾನ್, 31 ಜನ ವಾಪಸ್, ಉಳಿದದ್ದು 24. ಮೊದಲ ಸುತ್ತೂ ಸೇರಿ ಒಟ್ಟು ಖರ್ಚು ಮೂರೂವರೆ ಲಕ್ಷ ದಾಟಿರಬೇಕು.

ಸಿಕ್ಕಿದ್ದೇನು? ವರ್ಷದ ಮೇಲೂ ಕೆಲಸಕ್ಕೆ ಹೋಗಲಾಗದ ಒಂಬತ್ತು ಜನರಲ್ಲಿ ವೆಂಟ್ರಿಕಲ್ ಹಿಗ್ಗಿದ್ದು ಜಾಸ್ತಿ, ಎಡ ಹಿಪೊಕ್ಯಾಂಪಸ್ ಕುಗ್ಗಿದ್ದೂ ಸ್ವಲ್ಪ ಜಾಸ್ತಿ. ಚಿಕಿತ್ಸೆಗೆ ತಡವಾಗಿ ಬಂದವರೇ ಅದರಲ್ಲಿ ಹೆಚ್ಚು. ಆದರೆ ಗುಂಪಿಗೆ ಗುಂಪು ಇಟ್ಟಾಗ ಮಾತ್ರ ಈ ವ್ಯತ್ಯಾಸ. ಒಬ್ಬೊಬ್ಬರನ್ನೇ ತೆಗೆದರೆ ಎಲ್ಲ ಕಲಸಿಹೋಗುತ್ತೆ. ಫಿಲ್ಮ್ ತೋರಿಸಿ ಭವಿಷ್ಯ ಹೇಳೋ ಡಾಕ್ಟರುಗಳು ದಯವಿಟ್ಟು ನಿಲ್ಲಿಸಿ.

ಇನ್ನೊಂದು ಪ್ರಶ್ನೆ ನಿಮಗೂ ಬರುತ್ತೆ. "ಮಾತ್ರೆಯಿಂದ್ಲೇ ಮಿದುಳು ಕರಗ್ತದಂತಲ್ಲ ಸಾ" ಅಂತ ಒಬ್ಬರ ಅಣ್ಣ ಫೋನ್ ತೋರಿಸಿದರು. 2011ರಲ್ಲಿ ಅಮೆರಿಕದ ಅಯೋವಾದಲ್ಲಿ ಮಾಡಿದ ಸಂಶೋಧನೆಯದು, 211 ರೋಗಿಗಳು, ಔಷಧಿ ಹೆಚ್ಚಿದಷ್ಟೂ ಮಿದುಳಿನ ಬೂದು ಭಾಗ (ಗ್ರೇ ಮ್ಯಾಟರ್) ಕಡಿಮೆ. ಮುಚ್ಚಿಡಲಿಲ್ಲ. ಕಾಯಿಲೆ ಜೋರಿದ್ದವರಿಗೆ ಔಷಧಿಯೂ ಜಾಸ್ತಿ ಬಿದ್ದಿರುತ್ತೆ, ಬಿಡಿಸಿ ನೋಡೋದು ಕಷ್ಟ ಅಂದೆ. ಡೋಸ್ ಸಾಕಾಗುವಷ್ಟೇ ಕೊಡ್ತೀನಿ, ನನ್ನ ಕೇಳದೆ ನಿಲ್ಲಿಸಬೇಡಿ ಅಂದೆ. ನಿಲ್ಲಿಸಲಿಲ್ಲ.

ನನ್ನ 24ರಲ್ಲಿ ಅತಿ ದೊಡ್ಡ ವೆಂಟ್ರಿಕಲ್ ಇರೋ ಹುಡುಗ ಪಾಂಡವಪುರದ ಕಡೆಯವನು. ಈಗ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಪಾಕ ನೋಡ್ತಾನೆ, ದಿನಗೂಲಿ ಐನೂರು. ಅತಿ ಚೆಂದದ ಸ್ಕ್ಯಾನ್ ಇರೋನು ಇನ್ನೂ ರೂಮಿನ ಬಾಗಿಲು ತೆಗೆದಿಲ್ಲ. ಅವನ ಅಮ್ಮ ತಿಂಗಳಿಗೊಮ್ಮೆ ಒಬ್ಬರೇ ಬಂದು ಮಾತ್ರೆ ತಗೊಂಡು ಹೋಗ್ತಾರೆ. ಈ ಸಲದ ಕಟಾವು ಮುಗಿದ ಮೇಲೆ ಮೂರನೇ ಸ್ಕ್ಯಾನ್ ಇದೆ. ಡ್ರಮ್ಮನ್ನು ಅವರ ಮನೆಗೇ ಒಯ್ಯೋಣ ಅಂತ ಗೂಡ್ಸ್ ಆಟೋದವನ ಹತ್ತಿರ ಮಾತಾಡಿದ್ದೀನಿ. ಹೋಗಿಬರೋಕೆ 1,200 ಕೇಳ್ತಿದ್ದಾನೆ.