ನೋಟ್‌ಬುಕ್ ಬೇಡ, ಸ್ಲೈಡರ್ ಸಾಕು: ಜುಪಿಟರ್ ಲೆಕ್ಕವನ್ನು ವೆಬ್ ಆ್ಯಪ್ ಮಾಡುವುದು

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿಗೆ ಬೇಕಾದ ಲೆಕ್ಕ ಸಣ್ಣದು. ಹಸಿ ಹಣ್ಣಿನ ಬ್ರಿಕ್ಸ್ (ರಸದಲ್ಲಿ ಕರಗಿದ ಸಕ್ಕರೆ ಮುಂತಾದವುಗಳ ಶೇಕಡಾ ಪ್ರಮಾಣ) 22, ಒಣಗಿದ ಮೇಲೆ ತೇವ ಶೇ 15 ಅಂದರೆ 22ನ್ನು 85ರಿಂದ (100ರಲ್ಲಿ ತೇವದ 15 ಕಳೆದದ್ದು) ಭಾಗಿಸಿ: 1,000 ಕೆ.ಜಿ.ಗೆ ಸುಮಾರು 259 ಕೆ.ಜಿ. ಬ್ರಿಕ್ಸ್ 24 ಇದ್ದರೆ 282. ಉದುರು, ತೊಟ್ಟಿನ ತೂಕ ಬೇರೆ. ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ನೋಟ್‌ಬುಕ್ ಜುಪಿಟರ್‌ನಲ್ಲಿ ಇದು ಹತ್ತು ಸಾಲಿನ ಪೈಥಾನ್. ಆದರೆ ಶೆಡ್ಡಿನಲ್ಲಿ ನಿಂತವರಿಗೆ ಸೆಲ್ (ಕೋಡಿನ ತುಂಡು), ಕರ್ನಲ್ (ಅದನ್ನು ಓಡಿಸುವ ಪ್ರಕ್ರಿಯೆ), ಶಿಫ್ಟ್-ಎಂಟರ್ ತೋರಿಸಿದರೆ ಅವರು ಸುಮ್ಮನೆ ಕ್ಯಾಲ್ಕುಲೇಟರ್ ತೆಗೆಯುತ್ತಾರೆ. ಕೋಡ್ ಮುಚ್ಚಿ ಸ್ಲೈಡರ್, ಉತ್ತರ ಎರಡನ್ನೇ ತೋರಿಸಲು ವೊಯ್ಲಾ (Voilà) ಇದೆ; ಅದು ನೋಟ್‌ಬುಕ್ಕನ್ನು ವೆಬ್ ಪುಟ ಮಾಡುವ ಸಾಧನ.

ಮೊದಲು ಕರ್ನಲ್ ರೀಸ್ಟಾರ್ಟ್ ಮಾಡಿ ಎಲ್ಲ ಸೆಲ್‌ಗಳನ್ನೂ ಮೇಲಿಂದ ಕೆಳಗೆ ಓಡಿಸಿ. ಪುಟ ತೆರೆದ ಪ್ರತಿಯೊಬ್ಬರಿಗೂ ವೊಯ್ಲಾ ಹೊಸ ಕರ್ನಲ್‌ನಲ್ಲಿ ಹೀಗೇ ಓಡಿಸುತ್ತದೆ. ನೀವು ಅಳಿಸಿದ ಸೆಲ್ಲಿನ ವೇರಿಯಬಲ್ ನಿಮ್ಮ ಮೆಮೊರಿಯಲ್ಲಿ ಇನ್ನೂ ಬದುಕಿರುತ್ತದೆ, ಅವರದ್ದರಲ್ಲಿ ಇರುವುದಿಲ್ಲ. ‘ನನ್ನಲ್ಲಿ ನಡೀತದ, ಅವರಲ್ಲಿ ನಡ್ಯಾಂಗಿಲ್ಲ’ ಅನ್ನುವ ತಕರಾರಿನ ಮೂಲ ಹೆಚ್ಚಾಗಿ ಇದೇ.

ಇನ್‌ಪುಟ್ ಫಂಕ್ಷನ್ ಇಲ್ಲಿ ಕೆಲಸಕ್ಕೆ ಬಾರದು. ಬದಲಿಗೆ ನೋಟ್‌ಬುಕ್ಕಿಗೆ ಸ್ಲೈಡರ್, ಬಟನ್ ಕೊಡುವ ಲೈಬ್ರರಿ ಐಪಿವಿಜೆಟ್ಸ್‌ನ (ipywidgets) ಫ್ಲೋಟ್‌ಸ್ಲೈಡರ್ ಹಾಕಿ: ಬ್ರಿಕ್ಸ್ 16ರಿಂದ 28, ಹೆಜ್ಜೆ 0.5. ಅದರ ಕಂಟಿನ್ಯೂಯಸ್ ಅಪ್‌ಡೇಟ್ (continuous_update) ಫಾಲ್ಸ್ ಮಾಡದಿದ್ದರೆ ಬೆರಳು ಎಳೆದಷ್ಟು ಹೊತ್ತೂ ಲೆಕ್ಕ ಮರುಕಳಿಸಿ ಪುಟ ತಡವರಿಸುತ್ತದೆ.

ಈಗ ಕನ್ನಡದ ಕಾಟ. ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನ ಮೂಲ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ, ಗ್ರಾಫಿನ ಮೇಲೆ ಖಾಲಿ ಚೌಕಗಳು ಬರುತ್ತವೆ. ನೋಟೊ ಸಾನ್ಸ್ ಕನ್ನಡ ಹಾಕಿದರೂ ನಾವು ಸಾಮಾನ್ಯವಾಗಿ ಬಳಸುವ ಆವೃತ್ತಿಗಳು ಒತ್ತಕ್ಷರ ಜೋಡಿಸುವುದಿಲ್ಲ. ‘ದ್ರಾಕ್ಷಿ’ಯ ರಕಾರ, ಷಕಾರ ಒತ್ತಾಗದೆ ಸಾಲಿನಲ್ಲೇ ನಿಲ್ಲುತ್ತವೆ. ಅದರೊಂದಿಗೆ ಗುದ್ದಾಡಬೇಡಿ. ಶೀರ್ಷಿಕೆ, ಲೇಬಲ್‌ಗಳನ್ನು ಎಚ್‌ಟಿಎಂಎಲ್ ವಿಜೆಟ್ಟಿನಲ್ಲಿ ಬರೆಯಿರಿ, ಗ್ರಾಫಿನೊಳಗೆ ಅಂಕಿ ಮಾತ್ರ ಇರಲಿ. ಅಕ್ಷರ ಕೂಡಿಸುವ ಕೆಲಸ ಬ್ರೌಸರ್ ಮಾಡುತ್ತದೆ. ಇನ್ನೊಂದು ಗ್ರಾಫ್ ಲೈಬ್ರರಿ ಪ್ಲಾಟ್ಲಿ ಬ್ರೌಸರ್‌ನಲ್ಲೇ ಬರೆಯುವುದರಿಂದ ಅಲ್ಲಿ ಈ ತೊಂದರೆಯಿಲ್ಲ.

ವೊಯ್ಲಾವನ್ನು ಪಿಪ್‌ನಿಂದ (ಪೈಥಾನ್‌ನ ಇನ್‌ಸ್ಟಾಲರ್) ಇನ್‌ಸ್ಟಾಲ್ ಮಾಡಿ, ಟರ್ಮಿನಲ್‌ನಲ್ಲಿ ವೊಯ್ಲಾ ಎಂದು ಬರೆದು ಫೈಲಿನ ಹೆಸರು ಕೊಟ್ಟರೆ 8866ನೇ ಪೋರ್ಟಿನಲ್ಲಿ ಆ್ಯಪ್ ಏಳುತ್ತದೆ, ಆದರೆ ಅದೇ ಕಂಪ್ಯೂಟರಿಗೆ ಮಾತ್ರ. ಅದೇ ವೈಫೈನ ಫೋನುಗಳಿಗೂ ಕಾಣಬೇಕಾದರೆ ಐಪಿ 0.0.0.0 ಕೊಡಿ, ವಿಂಡೋಸ್ ಫೈರ್‌ವಾಲ್‌ನಲ್ಲಿ ಪೋರ್ಟ್ ತೆರೆಯಿರಿ. ನೋಡುವವರು ತಮ್ಮ ಕೋಡ್ ಓಡಿಸಲಾಗದು ನಿಜ; ಆದರೆ ಪಾಸ್‌ವರ್ಡ್ ತಾನಾಗಿ ಬರುವುದಿಲ್ಲ. ವಹಿವಾಟಿನ ದರ ಒಳಗಿದ್ದರೆ ಹೊರಗೆ ಬಿಡುವ ಮುನ್ನ ಲಾಗಿನ್ ಹಾಕಿ.

ಪ್ರತಿ ಟ್ಯಾಬಿಗೂ ಒಂದು ಕರ್ನಲ್. ಪಾಂಡಾಸ್ (ಕೋಷ್ಟಕ ದತ್ತಾಂಶದ ಲೈಬ್ರರಿ), ಮ್ಯಾಟ್‌ಪ್ಲಾಟ್‌ಲಿಬ್ ಎರಡೂ ಇದ್ದರೆ ಒಂದೊಂದು ಕರ್ನಲ್ಲೂ ಸುಲಭವಾಗಿ 100 ಎಂಬಿ ದಾಟುತ್ತದೆ; 1 ಜಿಬಿ ಸರ್ವರ್ ಬೆರಳೆಣಿಕೆಯ ಜನಕ್ಕೇ ಕುಸಿಯುತ್ತದೆ. ಸುಮ್ಮನಿರುವ ಕರ್ನಲ್ ಮುಚ್ಚಲು ಕಲ್ ಐಡಲ್ ಟೈಮ್‌ಔಟ್ (cull_idle_timeout) 600 ಸೆಕೆಂಡ್ ಇಡಿ. ತೆರೆದೇ ಬಿಟ್ಟ ಟ್ಯಾಬುಗಳು ಇದಕ್ಕೂ ಜಗ್ಗವು, ಅವಕ್ಕೆ ಕಲ್ ಕನೆಕ್ಟೆಡ್ (cull_connected) ಟ್ರೂ ಬೇಕು.

ವೊಯ್ಲಾದ ಮುಂದೆ ಪ್ರಾಕ್ಸಿಯಾಗಿ ಎನ್‌ಜಿನ್‌ಎಕ್ಸ್ (Nginx) ವೆಬ್ ಸರ್ವರ್ ಇಟ್ಟಾಗ ಪುಟ ಬಂದು, ಸ್ಲೈಡರ್ ಸರಿದು, ಉತ್ತರ ಮಾತ್ರ ಅಲ್ಲಾಡದಿದ್ದರೆ ವೆಬ್‌ಸಾಕೆಟ್ (ಬ್ರೌಸರ್, ಕರ್ನಲ್ ನಡುವಿನ ನಿರಂತರ ಸಂಪರ್ಕ) ದಾಟುತ್ತಿಲ್ಲ ಎಂದರ್ಥ. ಪ್ರಾಕ್ಸಿಯ ಎಚ್‌ಟಿಟಿಪಿ ಆವೃತ್ತಿ 1.1 ಮಾಡಿ, ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳನ್ನು ಹಿಂದಿರುವ ವೊಯ್ಲಾಗೆ ದಾಟಿಸಿ. ಕರೆಂಟ್ ಹೋಗಿ ಬಂದಾಗ ಆ್ಯಪ್ ತಾನೇ ಏಳಲು, ಸರ್ವರ್ ಲಿನಕ್ಸ್ ಆಗಿದ್ದರೆ, ಸಿಸ್ಟಮ್‌ಡಿ ಸರ್ವಿಸ್ ಮಾಡಿ ಎನೇಬಲ್ ಮಾಡಿಟ್ಟಿರಿ.