ಬೆರಳಲ್ಲಿ ಜಾರಿಸುತ್ತಿದ್ದ ಕಥೆ ಬಾಯಿಗೆ ಬಂದದ್ದು

ಪಾಂಡವಪುರದ ಕಡೆ ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ರೂಮು, ಮೂರು ಕಬ್ಬಿಣದ ಬೀರು, ಬೆಳಗ್ಗೆ ಪೇಪರ್ ಓದಲು ಬರುವ ಹಿರಿಯರು. 2020ರ ನವೆಂಬರ್‌ನಲ್ಲಿ ಸರ್ಕಾರದ ‘ಓದುವ ಬೆಳಕು’ ಎಂಬ ಮಕ್ಕಳ ಓದಿನ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾದ ಮೇಲೆ ಸಂಜೆ ಹೊತ್ತು ಮಕ್ಕಳು ಬರುವುದು ಜಾಸ್ತಿಯಾಯಿತು. ಆಮೇಲೆ ಒಂದು ಟಿವಿ, ಎರಡು ಟ್ಯಾಬ್ ಬಂದವು.

ನಾನು ಟ್ಯಾಬ್‌ನಲ್ಲಿ ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತೆರೆದುಕೊಟ್ಟೆ. 2015ರಲ್ಲಿ ಶುರುವಾದ ತಾಣ ಅದು, ಚಿತ್ರದ ಸಮೇತ ಕನ್ನಡ ಕಥೆಗಳು ದುಡ್ಡಿಲ್ಲದೆ ಸಿಗುತ್ತವೆ. ನಮ್ಮ ಬೀರುವಿನಲ್ಲಿ ಚಿಕ್ಕ ಮಕ್ಕಳ ಪುಸ್ತಕ ಎಲ್ಲಾ ಸೇರಿ 60 ದಾಟುತ್ತಿರಲಿಲ್ಲ. ಹಾಗಾಗಿ ನನಗೆ ಹಬ್ಬವೇ.

ಆದರೆ ಮೊದಲ ವಾರ ಯಾರೂ ಓದಲೇ ಇಲ್ಲ. ಹನ್ನೆರಡು ಪುಟದ ಕಥೆಯನ್ನು ಅರ್ಧ ನಿಮಿಷದಲ್ಲಿ ಬೆರಳಲ್ಲಿ ಜಾರಿಸಿ ‘ಆಯ್ತು ಅಕ್ಕಾ’ ಅನ್ನುತ್ತಿದ್ದರು. ಕಥೆ ಏನು ಅಂದರೆ ಚಿತ್ರ ಹೇಳುತ್ತಿದ್ದರು, ಅಷ್ಟೇ. ಮೂರನೇ ಕ್ಲಾಸಿನ ಹುಡುಗನೊಬ್ಬ ‘ಇದ್ಯಾಕಕ್ಕಾ ಅಳ್ಳಾಡಲ್ಲ?’ ಅಂತ ಕೇಳಿದ. ಮನೆಯ ಫೋನಿನಲ್ಲಿ ಎಲ್ಲಾ ಚಿತ್ರಗಳೂ ಕುಣಿಯುತ್ತವೆ, ಅವನು ಕೇಳಿದ್ದರಲ್ಲಿ ತಪ್ಪೇನಿದೆ.

ಟ್ಯಾಬ್ ಅವರ ಕೈಯಿಂದ ತೆಗೆದು ಟಿವಿಗೆ ಜೋಡಿಸಿದೆ. ಒಂದೇ ಕಥೆ, ಎಲ್ಲರಿಗೂ. ಓದುವವರು ಒಬ್ಬರು, ಪುಟ ಸರಿಸುವವರು ಇನ್ನೊಬ್ಬರು. ಓದುವವರು ‘ತಿರುಗ್ಸು’ ಅನ್ನುವವರೆಗೆ ಪುಟ ಅಲ್ಲೇ ಇರಬೇಕು. ಇಷ್ಟರಲ್ಲೇ ಎಲ್ಲಾ ಬದಲಾಯಿತು ಅಂದರೆ ನೀವು ನಂಬಲಿಕ್ಕಿಲ್ಲ, ಆದರೆ ಬೆರಳಿನ ಓಟ ನಿಂತು ಬಾಯಿಯ ನಡಿಗೆ ಬಂತಲ್ಲ, ಆಗ ಮಕ್ಕಳು ಪದಗಳ ಹತ್ತಿರ ನಿಲ್ಲಲು ಶುರು ಮಾಡಿದರು. ಮುಂದೆ ಏನಾಗುತ್ತೆ ಅಂತ ಜಗಳ ಆಡಲೂ ಶುರು ಮಾಡಿದರು.

ಸ್ಟೋರಿವೀವರ್‌ನಲ್ಲಿ ಕಥೆಗಳಿಗೆ ನಾಲ್ಕು ಹಂತ ಇವೆ. ಒಂದನೇ ಹಂತದಲ್ಲಿ 250 ಪದದೊಳಗೆ ಕಥೆ ಮುಗಿಯುತ್ತೆ, ನಾಲ್ಕನೆಯದು 1500 ಪದ ದಾಟುತ್ತೆ. ಮೊದಲು ನಾನು ಐದನೇ ಕ್ಲಾಸಿನವರಿಗೆ ಸುಮ್ನೆ ಮೂರನೇ ಹಂತ ಕೊಟ್ಟುಬಿಟ್ಟೆ, ಅದು ನನ್ನ ತಪ್ಪು. ಕೂಡಿಸಿ ಓದಲು ಕಷ್ಟಪಡುವ ನಾಲ್ಕು ಮಕ್ಕಳು ಮರುದಿನ ಬರಲೇ ಇಲ್ಲ. ಮನೆಗೇ ಹೋಗಿ ಕರೆದೆ. ‘ಅಂಗನವಾಡಿ ಮಕ್ಕಳಿಗೆ ಕಥೆ ಓದಿ ಹೇಳೋರು ಬೇಕಾಗಿದ್ದಾರೆ, ಬರ್ತೀರಾ?’ ಅಂದೆ. ಬಂದರು. ಚಿಕ್ಕವರಿಗೆ ಅಂದಮೇಲೆ ಒಂದನೇ ಹಂತದ ಕಥೆಯೇ ಓದಬೇಕಲ್ವಾ? ಅದಕ್ಕೆ ನಾಚಿಕೆ ಇಲ್ಲ. ತಪ್ಪಬಾರದು ಅಂತ ಹಿಂದಿನ ದಿನವೇ ಬಂದು ಎರಡು ಮೂರು ಸಲ ಓದಿಕೊಂಡು ಹೋಗುತ್ತಿದ್ದರು. ಆ ನಾಲ್ವರಲ್ಲಿ ಮೂವರು ಈಗ ಎರಡನೇ ಹಂತವನ್ನು ತಡವರಿಸದೆ ಓದುತ್ತಾರೆ. ಇಷ್ಟು ವರ್ಷದಲ್ಲಿ ನನಗೆ ಇದಕ್ಕಿಂತ ಸಂತೋಷ ಕೊಟ್ಟ ಕೆಲಸ ಇನ್ನೊಂದಿಲ್ಲ.

ಕರೆಂಟ್ ಹೋದರೆ ಟಿವಿ ಇಲ್ಲ, ಅದಕ್ಕೇ ಪ್ರಿಂಟ್ ಮಾಡಿಸಿದೆ. ಆ ಕಥೆಗಳನ್ನು ಪಿಡಿಎಫ್ ಇಳಿಸಿಕೊಳ್ಳಬಹುದು. ಎ4 ಹಾಳೆ ಮಡಚಿದರೆ ಒಂದು ಹಾಳೆಗೆ ನಾಲ್ಕು ಪುಟ, ಹನ್ನೆರಡು ಪುಟಕ್ಕೆ ಮೂರು ಹಾಳೆ ಸಾಕು. ಮೊದಲ ಸಲ ಹಾಳೆಯ ಹಿಂಬದಿ ಪೂರ್ತಿ ತಲೆಕೆಳಗಾಗಿ ಬಂತು. ಎರಡೂ ಬದಿ ಪ್ರಿಂಟ್ ಹಾಕುವಾಗ ಉದ್ದದ ಅಂಚಿಗೆ ತಿರುಗುವ ಹಾಗೆ ಇಟ್ಟಿದ್ದೆವು. ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಪುಟದ ಕಥೆಯನ್ನು ಹೀಗೆ ಮಡಚುವ ಪುಸ್ತಕ ಮಾಡಬೇಕಾದರೆ ಗಿಡ್ಡ ಅಂಚಿಗೆ ತಿರುಗಿಸಬೇಕು. ನಡುವೆ ದಪ್ಪ ದಾರದಲ್ಲಿ ಹೊಲಿದರೆ ಪಿನ್ನಿಗಿಂತ ಚೆನ್ನಾಗಿ ಬಾಳಿಕೆ ಬರುತ್ತೆ.

ಇನ್ನೊಂದು ಮುಖ್ಯ ವಿಷಯ. ಸ್ಟೋರಿವೀವರ್‌ನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿಯಲ್ಲಿ ಇವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ, ಏನು ಬದಲಾಯಿಸಿದ್ದೇವೆ ಅಂತ ಹೇಳಿ, ನಾವು ಬೇರೆ ಥರ ಬರೆದುಕೊಳ್ಳಬಹುದು. ಒಂದು ಸಂಜೆ ಕಥೆಯಲ್ಲಿ ‘ನಾನು ಹೋಗುತ್ತೇನೆ’ ಅಂತ ಇದ್ದ ಕಡೆ ಒಬ್ಬ ಹುಡುಗಿ ‘ನಾನ್ ಓಯ್ತೀನಿ’ ಅಂತ ಓದಿದಳು. ಉಳಿದವರು ನಕ್ಕರು, ಅವಳ ಮುಖ ಸಣ್ಣದಾಯಿತು. ಹಾಗೇ ಬರೆಯೋಣ ಅಂದೆ. ‘ಪುಸ್ತಕದಲ್ಲಿ ಹಿಂಗೂ ಬರೀಬೌದಾ?’ ಅಂತ ಕೇಳಿದಳು. ಅವತ್ತು ಎಲ್ಲರೂ ಸೇರಿ ಆ ಕಥೆಯನ್ನು ನಮ್ಮ ಮಂಡ್ಯದ ಮಾತಿನಲ್ಲಿ ಬರೆದೆವು. ಕತ್ತಲಾದರೂ ಯಾರೂ ಏಳಲಿಲ್ಲ. ಮನೆಯಲ್ಲಿ ಆಡುವ ಮಾತು ಅಚ್ಚಿನಲ್ಲಿ ಕಂಡಾಗ ಮಗುವಿಗೆ ಆಗುವ ಧೈರ್ಯ ಎಂಥದ್ದು ಅಂತ ನಾನು ಅವತ್ತೇ ನೋಡಿದ್ದು.

ಟೈಪ್ ಮಾಡುವಾಗ ಒಂದು ಎಚ್ಚರ. ನಾನು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಮಾಡಿದ್ದೆ, ಅದನ್ನು ಮಕ್ಕಳ ಮನೆಯ ಫೋನಿಗೆ ಕಳಿಸಿದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಮೊದಲಿನಿಂದಲೇ ಯೂನಿಕೋಡ್‌ನಲ್ಲಿ, ಅಂದರೆ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆಯಲ್ಲಿ, ಟೈಪ್ ಮಾಡಿ.

ಈಗ ಗ್ರಂಥಾಲಯದಲ್ಲಿ ಕಟ್ಟಿದ ದಾರದ ಮೇಲೆ ನಾವು ಮಾಡಿದ ಹದಿನಾಲ್ಕು ಪುಸ್ತಕ ನೇತಾಡುತ್ತಿವೆ. ಈ ವಾರ ‘ಓಯ್ತೀನಿ’ ಅಂತ ಓದಿದ ಅದೇ ಹುಡುಗಿ ತನ್ನ ಅಜ್ಜಿ ಹೇಳಿದ ಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದಾಳೆ. ಹನ್ನೊಂದು ನಿಮಿಷ ಇದೆ, ಮಧ್ಯೆ ಮಧ್ಯೆ ಕೊಟ್ಟಿಗೆಯ ಹಸು ಕೂಗುವುದೂ ಕೇಳುತ್ತದೆ. ಅದನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತಾ ಬರೆಯುತ್ತಿದ್ದೇವೆ. ಇನ್ನೂ ಮೂರನೇ ನಿಮಿಷದಲ್ಲಿದ್ದೇವೆ.